ಬೆಟ್ಟದ ಉಣುಗು

ಸೀಸೆಯ ಸ್ಪಿರಿಟ್ಟನ್ನು ಬಸಿದು ಉಣುಗುಗಳನ್ನು ಬಿಳಿಯ ಪಿಂಗಾಣಿ ತಟ್ಟೆಗೆ ಸುರಿದ ಮೇಲೆ ಅಲೆಟ್ಟಾ ರೂಟ್ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕೂತಳು. ಕೆಲವು ರಕ್ತ ಕುಡಿದು ಹರಳುಬೀಜದಂತೆ ಉಬ್ಬಿದ್ದವು. ಉಳಿದವು ಎಳ್ಳಿನ ಹಾಗೆ ಚಪ್ಪಟೆ. ಅವು ಎತ್ತಿನ ಕಿವಿಗೆ ಹತ್ತಿ ಒಂದು ಹಗಲೂ ಕಳೆದಿರಲಿಕ್ಕಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೇ ಚಿಮುಟದಿಂದ ಮಗುಚಿದಳು. ಉಬ್ಬಿದವೆಲ್ಲ ಕಂದು ಕಿವಿಯುಣುಗು. ಚಪ್ಪಟೆಯವೆಲ್ಲ ಬೆಟ್ಟದ ಉಣುಗು.

ಇವೆರಡೂ ಬೇರೆ ಬೇರೆ ಎಂದು ಮೊದಲು ಹೇಳಿದವಳು ಅವಳೇ. ಅದಕ್ಕೂ ಮುಂಚೆ ಪಶುರೋಗ ಸಂಶೋಧನಾ ಕೇಂದ್ರದ ಗಂಡಸರೆಲ್ಲ, ಬೆಟ್ಟದಲ್ಲಿ ಸಿಗುವುದು ಹೊಟ್ಟೆಗಿಲ್ಲದೆ ಸೊರಗಿದ ಕಂದು ಉಣುಗು ಎಂದೇ ನಂಬಿದ್ದರು. ಅಲೆಟ್ಟಾ ಹೆಣ್ಣು ಉಣುಗುಗಳನ್ನು ಹತ್ತಿಯ ಬಿರಡೆ ಹಾಕಿದ ಕೊಳವೆಗಳಲ್ಲಿಟ್ಟು ಮೊಟ್ಟೆ ಇಡಿಸಿದಳು. ಮರಿಗಳನ್ನು ಮೊಲಗಳ ಕಿವಿಗೆ ಬಿಟ್ಟು, ಕಿವಿಗೆ ಬಟ್ಟೆಯ ಚೀಲ ಕಟ್ಟಿದಳು. ತಲೆಮಾರಿನ ಮೇಲೆ ತಲೆಮಾರು ಹೊಟ್ಟೆ ತುಂಬ ಉಣಿಸಿದರೂ ಬೆಟ್ಟದ ಉಣುಗು ಬೆಟ್ಟದ ಉಣುಗಾಗಿಯೇ ಉಳಿಯಿತು. ಗಂಡಿನ ಹೊಟ್ಟೆಯಡಿಯ ತಗಡುಗಳ ಆಕಾರ ಬೇರೆ, ಬೆನ್ನಿನ ಗುಳಿಗಳ ಸಾಲು ಬೇರೆ. ಕೊನೆಗೆ ಇನ್ನೊಂದು ಸಂಗತಿಯೂ ಗೊತ್ತಾಯಿತು. ದನಗಳನ್ನು ಕೊಲ್ಲುವ ಪೂರ್ವತೀರದ ಜ್ವರವನ್ನು ಕಂದು ಉಣುಗು ಹೊರುತ್ತದೆ, ಬೆಟ್ಟದ ಉಣುಗು ಹೊರುವುದಿಲ್ಲ.

ಆ ದೇಶದಲ್ಲಿ ಇದು ಬರಿಯ ಹೆಸರಿನ ಮಾತಾಗಿರಲಿಲ್ಲ. ಜ್ವರದ ಸಾವು ಕಂಡ ಕಣಿವೆಯಲ್ಲಿ ಕಂದು ಉಣುಗು ಸಿಕ್ಕಿತೆಂದರೆ ಇಲಾಖೆಯವರು ಅಲ್ಲಿನ ದನಗಳನ್ನೆಲ್ಲ ಗುಂಡಿಕ್ಕಿ ಕೊಂದು, ಹುಲ್ಲಿನಲ್ಲಿ ಉಳಿದ ಉಣುಗುಗಳು ಹಸಿದು ಸಾಯುವವರೆಗೆ ಕಣಿವೆಯನ್ನು ಖಾಲಿ ಬಿಡುತ್ತಿದ್ದರು. ಅಲೆಟ್ಟಾಳ ಪುಸ್ತಕ ಅಚ್ಚಾದ ಮೇಲೆ ಜುಲು ನಾಡಿನ ಎತ್ತರದ ಕಣಿವೆಗಳನ್ನು ಬಂದೂಕಿನವರು ಮುಟ್ಟಿರಲಿಲ್ಲ.

ಈ ಸೀಸೆ ಬಂದದ್ದು ಅಂಥದೇ ಒಂದು ಕಣಿವೆಯಿಂದ. ಚೀಟಿಯಲ್ಲಿ ಬರೆದಿತ್ತು: ಮಗ್ವಾಜಾ, ಎಟ್ಶೇನಿ.

ಕೇಂದ್ರದ ಮುಖ್ಯಸ್ಥ ಲಾಬ್ಶರ್ ಬಾಗಿಲಲ್ಲೇ ನಿಂತು ಕೇಳಿದ. "ಕಂದು ಇದೆಯಾ?"

"ಎರಡೂ ಇವೆ. ಆದರೆ—"

"ಆದರೆ ಏನು ಬಂತು, ಅಲೆಟ್ಟಾ? ಆ ಚಳಿಯಲ್ಲಿ ಕಂದು ಉಣುಗು ಬದುಕೋದೇ ಇಲ್ಲ ಅಂತ ಬರೆದವಳು ನೀನು. ಈಗ ಅಲ್ಲೇ ಒಂದು ಎತ್ತು ಜ್ವರದಲ್ಲಿ ಸತ್ತಿದೆ. ಕಿವಿ ತುಂಬ ಕಂದು ಉಣುಗು. ನಿನ್ನ ಬೆಟ್ಟದ ಉಣುಗನ್ನ ನಾನು ಹೂಳಲೋ, ನೀನೇ ಹೂಳ್ತೀಯೋ?"

"ಉಬ್ಬಿರೋದು ಕಂದು ಮಾತ್ರ. ಹೆಣ್ಣು ಉಣುಗು ಅಷ್ಟು ಉಬ್ಬೋದಕ್ಕೆ ಹತ್ತಿರ ಹತ್ತಿರ ಒಂದು ವಾರ ಬೇಕು. ಬೆಟ್ಟದವು ಈಗಷ್ಟೇ ಕಚ್ಚಿವೆ. ಎತ್ತು ಬೇರೆ ಎಲ್ಲಿಂದಲೋ ಬಂದು ಒಂದೆರಡು ದಿನ ಮಾತ್ರ ಅಲ್ಲಿ ನಿಂತಿದೆ."

"ಎಲ್ಲಿಂದ?"

ಅವಳಿಗೆ ಗೊತ್ತಿರಲಿಲ್ಲ.

"ಬಂದೂಕಿನವರು ಹೊರಡೋ ಮುಂಚೆ ಹೋಗಿ ತಿಳ್ಕೊಂಡು ಬಾ," ಎಂದ ಲಾಬ್ಶರ್. "ಇಲ್ಲ ಅಂದ್ರೆ ಎಟ್ಶೇನಿ ಹೋಗುತ್ತೆ. ಅದರ ಜೊತೆ ನಿನ್ನ ಪುಸ್ತಕಾನೂ."

ಅವನು ಹೋದ ಮೇಲೆ ಅಲೆಟ್ಟಾ ಉಣುಗುಗಳನ್ನು ಮತ್ತೆ ಸೀಸೆಗೆ ತುಂಬಿದಳು. ರೈಲಿನ ವೇಳಾಪಟ್ಟಿ ತೆಗೆದಳು. ಹೊರಟಿರುವುದು ಸಾಯಲಿರುವ ದನಗಳಿಗಾಗಿಯೋ, ಹೂಳಲಿರುವ ಹೆಸರಿಗಾಗಿಯೋ ಎಂದು ಅವಳು ತನ್ನನ್ನು ತಾನು ಕೇಳಿಕೊಂಡಳು. ಉತ್ತರ ಬೇಕೆನ್ನಿಸಲಿಲ್ಲ.

*

ರೈಲಿಳಿದವಳನ್ನು ಜಾನುವಾರು ತಪಾಸಣೆಯ ಅಧಿಕಾರಿ ಸ್ಟ್ರೈಡಮ್ ತನ್ನ ಲಾರಿಯಲ್ಲಿ ಕರೆದುಕೊಂಡು ಹೋದ. ಹಿಂದೆ ಔಷಧದ ಪೀಪಾಯಿಗಳ ನಡುವೆ ಜುಂಗು ಕೂತಿದ್ದ. ಎಟ್ಶೇನಿಯಲ್ಲಿ ದನಗಳನ್ನು ಮದ್ದಿನ ತೊಟ್ಟಿಯಲ್ಲಿ ಮುಳುಗಿಸಿ ಹಾಯಿಸುವುದು ಅವನ ಕೆಲಸ. ಸತ್ತ ಎತ್ತಿನ ಕಿವಿಯಿಂದ ಉಣುಗು ಕಿತ್ತು ಸೀಸೆಗೆ ಹಾಕಿ ಚೀಟಿ ಬರೆದವನೂ ಅವನೇ.

"ಮುದುಕ ಮಗ್ವಾಜಾ ಬಾಯಿ ಬಿಡಲ್ಲ," ಎಂದ ಸ್ಟ್ರೈಡಮ್, ಸ್ಟೀರಿಂಗಿಗೆ ಮೊಣಕೈ ಊರಿ ಒಣಮಾಂಸದ ಚೂರೊಂದನ್ನು ಚಾಕುವಿನಿಂದ ಕೊಯ್ಯುತ್ತ. "ನಾನು ಕೂಗಾಡಿ ನೋಡಿದೆ, ಹೊಗೆಸೊಪ್ಪು ಕೊಟ್ಟು ನೋಡಿದೆ. ಎತ್ತು ಇಲ್ಲೇ ಹುಟ್ಟಿದ್ದು, ಇಲ್ಲೇ ಸತ್ತಿದ್ದು. ಅಷ್ಟೇ. ನೀವು ಹೆಂಗಸರು, ಕಣ್ಣೀರು ಹಾಕಿ ನೋಡಿ."

"ನಂಗೆ ಅಳು ಬರಲ್ಲ, ಸ್ಟ್ರೈಡಮ್. ಕಣ್ಣೀರು ಬಂದ್ರೆ ಸೂಕ್ಷ್ಮದರ್ಶಕದ ಗಾಜು ಮಂಜಾಗುತ್ತೆ."

ಸ್ಟ್ರೈಡಮ್ ಜೋರಾಗಿ ನಕ್ಕ. ಹಿಂದಿನಿಂದ ಜುಂಗುವಿನ ನಗುವೂ ಕೇಳಿಸಿತು. ಅವಳು ಹತ್ತಿರದ ಬಿಳಿಯರ ಹೊಲಮನೆಯೊಂದರಲ್ಲಿ ಜುಲು ಮಕ್ಕಳ ಜೊತೆ ಬೆಳೆದವಳು. ಆ ಭಾಷೆಯಲ್ಲೇ ಅವನತ್ತ ತಿರುಗಿ ಕೇಳಿದಳು. "ಚೀಟಿಯಲ್ಲಿ ಎಟ್ಶೇನಿ ಅಂತ ಬರೆದವರು ನೀವು. ಎತ್ತು ಅಲ್ಲಿ ಮೇಯ್ತಿತ್ತಾ?"

"ಎತ್ತು ಯಾರದ್ದೋ ಅವರ ಹೆಸರು, ಅವರ ಊರು. ಅಷ್ಟು ಬರಿ ಅಂದಿದ್ರು ಬಾಸ್. ಬರೆದೆ." ಜುಂಗು ಧೂಳಿನತ್ತ ನೋಡುತ್ತಿದ್ದ. "ದನ ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ, ಡಾಕ್ಟರಮ್ಮ."

"ಈಗ ಕೇಳ್ತಿದೀನಲ್ಲ."

"ಈಗ ನಾನು ಕಿವುಡ."

ಅವಳು ಮುಂದಕ್ಕೆ ತಿರುಗಿ ಕೂತಳು. ಈ ನಾಡಿನಲ್ಲಿ ಯಾವನೂ ತನ್ನ ದನಗಳನ್ನೆಲ್ಲ ಒಂದೇ ದೊಡ್ಡಿಯಲ್ಲಿ ಇಡುವುದಿಲ್ಲವೆಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಕೆಲವನ್ನು ದೂರದ ಗೆಳೆಯನ ಬಳಿ ಮೇಯಲು ಬಿಡುತ್ತಾರೆ. ಹಾಲು ಅವನಿಗೆ, ಕರು ಇವರಿಗೆ. ರೋಗ ಬಂದರೆ ಒಂದು ಕಡೆಯಾದರೂ ಉಳಿಯಲಿ, ಹೊಟ್ಟೆಕಿಚ್ಚಿನ ನೆಂಟರ ಕಣ್ಣಿಗೆ ಬೀಳದಿರಲಿ, ಸರ್ಕಾರದ ಎಣಿಕೆಗೂ ಸಿಗದಿರಲಿ ಎಂದು. ಎಲ್ಲಿ ಬಿಟ್ಟಿದ್ದೇನೆಂದು ಹೆಂಡತಿಗೂ ಹೇಳದವರಿದ್ದಾರೆ. ಇದನ್ನೆಲ್ಲ ತಿಳಿದವಳು, ಇಷ್ಟು ವರ್ಷ ಸೀಸೆಗಳ ಚೀಟಿಯನ್ನು ನಂಬಿ ನಕ್ಷೆಯ ಮೇಲೆ ಚುಕ್ಕಿ ಇಡುತ್ತ ಬಂದಿದ್ದಳು. ಮೇಜಿನ ಮುಂದೆ ಕೂತಾಗ ಹೊಲಮನೆಯ ಹುಡುಗಿ ಅವಳೊಳಗೆ ಬಾಯಿ ತೆರೆದಿರಲಿಲ್ಲ.

*

ಮಗ್ವಾಜಾನ ಮನೆ ಇಳಿಜಾರಿನ ಮೇಲಿತ್ತು. ನಡುವೆ ಕಲ್ಲು ಪೇರಿಸಿದ ದುಂಡನೆಯ ದನದ ದೊಡ್ಡಿ, ಸುತ್ತ ಜೇನುಗೂಡಿನಂಥ ಹುಲ್ಲು ಗುಡಿಸಲುಗಳು. ಹೊರಗಿನಿಂದಲೇ ಕೂಗಿ, ಒಳಗೆ ಕರೆಯುವವರೆಗೂ ಅವಳು ನಿಂತಳು. ಸ್ಟ್ರೈಡಮ್ ಲಾರಿಯಿಂದ ಇಳಿಯಲಿಲ್ಲ.

ಮುದುಕನ ಸೊಸೆ ಬಂದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ವಿಧವೆಯ ಕಪ್ಪು ಬಟ್ಟೆ ಉಟ್ಟಿದ್ದಳು. ತವರಿನ ಕುಲದ ಹೆಸರಿನಿಂದ ಎಲ್ಲರೂ ಅವಳನ್ನು ಮಾಸಿಬಿಯಾ ಎನ್ನುತ್ತಿದ್ದರು.

"ಇವ್ರೇನಾ ಉಣುಗಮ್ಮ?" ಎಂದಳು ಯಾರಿಗೋ ಎಂಬಂತೆ. "ಇನ್ನೂ ದಪ್ಪ ಇರ್ತಾರೆ ಅಂದ್ಕೊಂಡಿದ್ದೆ. ಪಾಪ, ಇನ್ನೂ ಹೊಟ್ಟೆ ತುಂಬಿಲ್ಲ."

"ಮಾಸಿಬಿಯಾ," ಎಂದಿತು ಒಳಗಿನಿಂದ ಒಂದು ಧ್ವನಿ. ಗದರಿಕೆಯೇನಲ್ಲ, ದಣಿದ ಧ್ವನಿ.

ಗುಡಿಸಲೊಳಗೆ ಮಗ್ವಾಜಾ ಚಾಪೆಯ ಮೇಲೆ ಕೂತಿದ್ದ. ಅಲೆಟ್ಟಾ ಹೆಂಗಸರು ಕೂರುವ ಎಡಬದಿಗೆ ಹೋಗಿ ನೆಲದ ಮೇಲೆ ಕೂತಳು. ಅದನ್ನು ಅವನು ಗಮನಿಸಿದ. ಹಿಂಬದಿಯಲ್ಲಿ ಹಿರಿಯರ ಜಾಗದಲ್ಲಿ ಹೊಸ ಚಾಪೆ ಹಾಸಿತ್ತು. ಅದರ ಮೇಲೆ ಒಂದು ಎಲಚಿ ಮುಳ್ಳಿನ ಕೊಂಬೆ. ಎಲೆಗಳು ಒಣಗಿ ಸುರುಟಿದ್ದವು. ಅಲೆಟ್ಟಾ ಅತ್ತ ನೋಡಿ ತಟ್ಟನೆ ಕಣ್ಣು ತಗ್ಗಿಸಿದಳು. ಮನೆಯಿಂದ ದೂರ ಸತ್ತವನ ಆತ್ಮವನ್ನು ಆ ಕೊಂಬೆಯ ಮೇಲೆ ಕರೆತರುತ್ತಾರೆ.

"ಮಗ," ಎಂದ ಮಗ್ವಾಜಾ. "ಲಿಂಡಾನಿ. ಜೋಹಾನ್ಸ್‌ಬರ್ಗ್‌ನ ಗಣಿ ಕುಸೀತು. ನಾನೇ ಹೋಗಿ ಕರ್ಕೊಂಡು ಬಂದೆ. ರೈಲಲ್ಲಿ ಅವನಿಗೂ ಒಂದು ಟಿಕೆಟ್ ತಗೊಂಡೆ. ಪಕ್ಕದಲ್ಲಿ ಕೂರೋಕೆ ಬಂದ ಒಬ್ಬನಿಗೆ, ಇಲ್ಲಿ ಜನ ಇದಾರೆ ಅಂತ ಕೈ ಮಾಡಿ ತೋರಿಸ್ದೆ. ಬಾಯಲ್ಲಿ ಹೇಳೋ ಹಾಗಿರಲಿಲ್ಲ ನೋಡಿ. ಕೊಂಬೆ ಹಿಡಿದವನು ಸತ್ತವನ ಜೊತೆ ಬಿಟ್ಟು ಬೇರೆ ಯಾರ ಜೊತೇಲೂ ಮಾತಾಡ್ಬಾರದು."

"ಒಳಗೆ ಬಂದಾಯ್ತಲ್ಲ, ಬಾಬಾ."

"ಬಂದಿದಾನೆ. ಕೂತಿಲ್ಲ. ಎತ್ತು ಕೊಯ್ದು, ಕೊಂಬೆ ಎಲೆ ದೊಡ್ಡಿಯ ದನ ತಿಂದ ಮೇಲೆ ಅಲ್ವಾ ಅವನು ಮನೆಯವನಾಗೋದು. ಆ ಕೆಲಸಕ್ಕೆ ಅಂತ ಅವನ ಹೆಸರಲ್ಲಿ ಇಟ್ಟಿದ್ದ ಎತ್ತು ಅದು, ಹಂಡ. ಬಂದ ಮೂರನೇ ಬೆಳಗ್ಗೆ ಸತ್ತು ಬಿದ್ದಿತ್ತು."

"ಬಂದ ಮೂರನೇ ಬೆಳಗ್ಗೆ. ಅಂದ್ರೆ ಎತ್ತು ಇಲ್ಲಿ ಇದ್ದದ್ದಲ್ಲ," ಎಂದಳು ಅಲೆಟ್ಟಾ ಮೆಲ್ಲಗೆ.

ಬಾಗಿಲ ಹೊರಗೆ ಮಾಸಿಬಿಯಾ ಜೋಳ ಅರೆಯುತ್ತಿದ್ದ ಕಲ್ಲಿನ ಸದ್ದು ನಿಂತುಹೋಯಿತು.

ಅಲೆಟ್ಟಾ ಚೀಲದಿಂದ ತಟ್ಟೆ ತೆಗೆದು ಸೀಸೆಯ ಉಣುಗುಗಳನ್ನು ಸುರಿದಳು. ಉಬ್ಬಿದವನ್ನು ಒಂದು ಬದಿಗೆ, ಚಪ್ಪಟೆಯವನ್ನು ಇನ್ನೊಂದು ಬದಿಗೆ ಸರಿಸಿದಳು. "ಇವು ಬಿಸಿ ನೆಲದವು, ಬಾಬಾ. ಮುಳ್ಳುಕಾಡಿನವು. ಇಲ್ಲಿಯ ಚಳಿ ತಡೆಯಲ್ಲ. ಇವು ಇಲ್ಲಿಯವು. ಹಂಡ ಬಿಸಿ ನೆಲದಲ್ಲಿ ಮೇಯ್ತಾ ಇತ್ತು. ಮಗನ ಕೆಲಸಕ್ಕೆ ಅಂತ ಮೇಲಕ್ಕೆ ಹೊಡ್ಕೊಂಡು ಬಂದ್ರಿ. ನೀವು ಹೇಳದೇ ಇದ್ರೂ ಇವು ಹೇಳ್ತಿವೆ."

"ಸರ್ಕಾರದವ್ರು ಹುಳುಗಳ ಮಾತು ಕೇಳ್ತಾರೆ ಅಂತಾಯ್ತು," ಎಂದಳು ಮಾಸಿಬಿಯಾ ಹೊರಗಿನಿಂದ. "ನಾವೂ ರಕ್ತ ಕುಡಿಯೋಕೆ ಶುರು ಮಾಡಿದ್ರೆ ನಮ್ಮ ಮಾತೂ ಕೇಳ್ಬಹುದು."

ಮಗ್ವಾಜಾ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಕೋಲು ಹಿಡಿದು ಎದ್ದ. "ಬನ್ನಿ," ಎಂದ.

ಮನೆಯ ಮೇಲಿನ ದಿಣ್ಣೆಗೆ ಇಬ್ಬರೂ ಹತ್ತಿದರು. ಅಲ್ಲಿಂದ ಎರಡೂ ಕಡೆ ಕಾಣುತ್ತಿತ್ತು. ಈಚೆ ಎಟ್ಶೇನಿಯ ಹುಲ್ಲು, ಅದರ ಮೇಲೆ ಚದುರಿದ ದನ. ಆಚೆ, ಬಹಳ ಕೆಳಗೆ ನದಿ. ನದಿಯಾಚೆ ಬೂದು ಬಣ್ಣದ ಮುಳ್ಳುಕಾಡು, ನಡುನಡುವೆ ಹೊಗೆ.

"ಓಥಿನಿ," ಎಂದ ಮಗ್ವಾಜಾ. "ನನ್ನ ಗೆಳೆಯ ಇದಾನೆ ಅಲ್ಲಿ. ಚಿಕ್ಕಂದಿನಲ್ಲಿ ಒಂದೇ ಬೆಟ್ಟದಲ್ಲಿ ದನ ಕಾದವರು. ನನ್ನ ಅರ್ಧ ದನ ಅವನ ಹತ್ರ, ಅವನವು ಒಂದಷ್ಟು ನನ್ನ ಹತ್ರ. ಇಲ್ಲಿಯವರೆಲ್ಲರದ್ದೂ ಹಾಗೇ."

"ಅಲ್ಲಿ ದನ ಸಾಯ್ತಾ ಇವೆಯಾ?"

"ಸತ್ತವು. ಹೂತ್ರು. ಎಲ್ಲಾ ಸಾಯಲಿಲ್ಲ. ಜ್ವರ ಬಂದು ಎದ್ದು ನಿಂತದ್ದಕ್ಕೆ ಮತ್ತೆ ಬರಲ್ಲ. ಜ್ವರ ಕೆಲವನ್ನ ಬಿಡುತ್ತೆ, ಡಾಕ್ಟರಮ್ಮ. ನಿಮ್ಮ ಬಂದೂಕು ಒಂದನ್ನೂ ಬಿಡಲ್ಲ."

"ಅದು ನದಿ ದಾಟಿ ಎಲ್ಲಾ ಕಡೆ ಹರಡುತ್ತೆ. ನಾನು ಸುಮ್ನಿದ್ರೆ ಇಲ್ಲಿಯ ದನ ಕೊಲ್ತಾರೆ, ಜ್ವರ ಮಾತ್ರ ಅಲ್ಲೇ ಇರುತ್ತೆ. ಏನು ತಪ್ಪು ಮಾಡಿವೆ ಇಲ್ಲಿಯ ದನ? ನಾನು ನಿಜ ಹೇಳಿದ್ರೆ ಎಟ್ಶೇನಿ ಉಳಿಯುತ್ತೆ."

ಮಗ್ವಾಜಾ ಅವಳತ್ತ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ನಾವು ಕೂತು ಮಾತಾಡಿದೀವಿ. ಇಲ್ಲಿಯ ಗಂಡಸರೆಲ್ಲ. ಇಲ್ಲಿಯವು ಹೋಗಲಿ, ಅಲ್ಲಿಯವು ಇರಲಿ ಅಂತ. ಹೇಗೂ ಅವರ ಬಾಯಲ್ಲಿರೋದು ಎಟ್ಶೇನಿ ಹೆಸರು. ಒಂದು ಸಲ ಹಿಡ್ಕೊಂಡ ಹೆಸರು ಅವರು ಬಿಡಲ್ಲ. ನೀವು ಇನ್ನೊಂದು ಕೊಟ್ರೆ ಅದನ್ನೂ ಹಿಡ್ಕೊಳ್ತಾರೆ."

"ಹಾಗಾಗಲ್ಲ, ಬಾಬಾ. ನನ್ನ ಹತ್ರ ಸಾಕ್ಷಿ ಇದೆ."

"ಇದೆ. ನೋಡಿದೆ."

"ಇಪ್ಪತ್ತು ವರ್ಷದ ಕೆಲಸ ಇದು. ಅವರು ಕೇಳಲೇಬೇಕು."

ಕೆಳಗೆ ದನಗಳು ತಾವಾಗಿಯೇ ದೊಡ್ಡಿಯತ್ತ ಹೊರಟಿದ್ದವು. ಮುದುಕ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ಮುಂದಿನ ಎತ್ತು ತಲೆಯೆತ್ತಿ ನೋಡಿ ನಡಿಗೆ ಚುರುಕಾಗಿಸಿತು.

"ನಾನು ನಿಮ್ಮನ್ನ ಬೇಡ್ಕೊಳ್ತಿದೀನಿ," ಎಂದ ಅವನು ದನಗಳನ್ನೇ ನೋಡುತ್ತ. "ಸುಮ್ನಿರಿ. ಅಷ್ಟೇ. ಸುಮ್ನಿರೋದು ಸುಳ್ಳಲ್ಲ."

ಅಲೆಟ್ಟಾಳಿಗೆ ಅಪ್ಪ ನೆನಪಾದ. ಅವಳು ಚಿಕ್ಕವಳಿದ್ದಾಗ ಇದೇ ಜ್ವರದಲ್ಲಿ ಅವನ ಗಾಡಿಯೆತ್ತುಗಳೆಲ್ಲ ಸತ್ತವು. ಅವನು ಖಾಲಿ ನೊಗದ ಮೇಲೆ ಕೂತು ಇಡೀ ಮಧ್ಯಾಹ್ನ ಮಾತಾಡಿರಲಿಲ್ಲ. ಆ ಮೌನಕ್ಕೆ ಕಾರಣವಾದ ಹುಳುವಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಆ ಹುಡುಗಿ ನಂಬಿದ್ದಳು. ಈಗಲೂ ಅವಳು ನಂಬಿದ್ದು ಅದನ್ನೇ.

*

ಅವಳು ವರದಿ ಕೊಟ್ಟಳು. ಎತ್ತು ಓಥಿನಿಯದು. ಕಂದು ಉಣುಗು ಓಥಿನಿಯದು. ಎಟ್ಶೇನಿಯ ಹುಲ್ಲಿನಲ್ಲಿರುವುದು ಬೆಟ್ಟದ ಉಣುಗು ಮಾತ್ರ, ಆದ್ದರಿಂದ ಎಟ್ಶೇನಿಯ ದನಗಳನ್ನು ಕೊಲ್ಲುವ ಅಗತ್ಯವಿಲ್ಲ. ಇಷ್ಟನ್ನೂ ಚಿತ್ರಗಳೊಡನೆ ಬಿಡಿಸಿ ಹೇಳಿದ್ದಳು. ಅಷ್ಟು ಚೊಕ್ಕವಾದ ವರದಿಯನ್ನು ಅವಳು ಹಿಂದೆ ಬರೆದಿರಲಿಲ್ಲ.

ಲಾಬ್ಶರ್ ಓದಿ ಕನ್ನಡಕ ತೆಗೆದ. "ನೀನು ಗೆದ್ದೆ, ಅಲೆಟ್ಟಾ. ಒಪ್ಕೊಂಡೆ. ಬೆಟ್ಟದ ಉಣುಗು ಬೇರೆಯೇ."

"ಹಾಗಾದ್ರೆ ಎಟ್ಶೇನಿ?"

"ಓಥಿನಿಗೆ ಆದೇಶ ಹೋಗಿದೆ."

"ನಾನು ಕೇಳಿದ್ದು ಎಟ್ಶೇನಿ."

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡು, ಕಿಟಕಿಯಾಚೆ ಯಾರೋ ಮೊಲದ ಗೂಡು ತೊಳೆಯುತ್ತಿದ್ದುದನ್ನು ನೋಡಿದ. "ಜ್ವರದ ದನ ನಿಂತ ಜಾಗ ಅಂದ್ರೆ ಜ್ವರದ ಜಾಗ. ಕಾನೂನು ಅಷ್ಟೇ ಹೇಳೋದು. ಉಬ್ಬಿದ ಉಣುಗುಗಳಲ್ಲಿ ಕೆಲವು ಅಲ್ಲೇ ಉದುರಿರ್ತವೆ ಅಂತ ನೀನೇ ತೋರಿಸಿದ್ದೀಯ. ಮೊಟ್ಟೆ ಇಡ್ತವೆ."

"ಇಟ್ಟರೂ ಆ ಚಳಿಯಲ್ಲಿ ಮರಿ ಉಳಿಯಲ್ಲ! ಅದೇ ತಾನೇ ನನ್ನ ಇಡೀ—"

"ನಂಗೊತ್ತು. ನಿಂಗೊತ್ತು. ಕಾನೂನು ಬರೆದವನಿಗೆ ಚಳಿ ಗೊತ್ತಿಲ್ಲ. ಮಂತ್ರಿಗೆ ಕೇಳಿಸೋದು ಒಂದೇ, ಜ್ವರದ ಎತ್ತು ನದಿ ದಾಟಿದೆ. ಮೊದಲು ಒಂದು ಕಣಿವೆ ಅಂದ್ಕೊಂಡಿದ್ರು. ಈಗ ಎರಡು ಅಂತ ಗೊತ್ತಾಯ್ತು. ನಿನ್ನಿಂದ ಗೊತ್ತಾಯ್ತು ಅಂತ ಮೆಚ್ಚಿದ್ದಾರೆ ಕೂಡ."

ಅವಳು ಮಂತ್ರಿಗೆ ಬರೆದಳು, ತಂತಿ ಕಳಿಸಿದಳು, ಕಚೇರಿಯ ಬೆಂಚಿನ ಮೇಲೆ ಕೂತು ಕಾದಳು. ಗುಮಾಸ್ತನೊಬ್ಬ ಚಹ ತಂದುಕೊಟ್ಟು, ಉಣುಗು ಕಚ್ಚಿದರೆ ಸೀಮೆಎಣ್ಣೆ ಹಚ್ಚಬಹುದೇ ಎಂದು ಕೇಳಿದ.

*

ಅವಳೇ ಕೇಳಿಕೊಂಡಿದ್ದರಿಂದ, ಕೊಂದ ದನಗಳ ಕಿವಿಯಿಂದ ಉಣುಗು ಆಯ್ದುಕೊಳ್ಳಲು ಅವಳಿಗೆ ಅನುಮತಿ ಸಿಕ್ಕಿತು. ಎಟ್ಶೇನಿಗೆ ಬಂದಾಗ ಇಳಿಜಾರಿನ ಕೆಳಗೆ ಉದ್ದನೆಯ ಗುಂಡಿ ತೋಡಿ ಮುಗಿಸಿದ್ದರು. ಪಕ್ಕದಲ್ಲಿ ಸುಣ್ಣದ ಚೀಲಗಳು. ಅಗೆದವರು ಎಟ್ಶೇನಿಯ ಗಂಡಸರೇ.

ದನಗಳು ಬಂದೂಕಿನವರಿಗೆ ಹೆದರಿ ಚದುರುತ್ತಿದ್ದವು. ಆದ್ದರಿಂದ ಪ್ರತಿಯೊಬ್ಬನೂ ತನ್ನ ದನಗಳನ್ನು ತಾನೇ ಕರೆದು ತರಬೇಕೆಂದು ಸ್ಟ್ರೈಡಮ್ ಹೇಳಿದ. ಅವನ ದನಿ ಎಂದಿನಂತೆ ಜೋರಾಗಿರಲಿಲ್ಲ. "ಬೇಗ ಮುಗೀಲಿ ಅಂತ ಹೇಳ್ತಿದೀನಿ," ಎಂದ ಅಲೆಟ್ಟಾಳ ಕಡೆ ನೋಡದೆ. "ಅಟ್ಟಾಡಿಸಿದ್ರೆ ಗುಂಡು ಎಲ್ಲೆಲ್ಲೋ ಬೀಳುತ್ತೆ."

ಅವರು ಕರೆದರು. ಒಬ್ಬೊಬ್ಬನದು ಒಂದೊಂದು ಶಿಳ್ಳೆ. ಒಬ್ಬೊಬ್ಬನೂ ತನ್ನ ಎತ್ತನ್ನು ಹೊಗಳಿ ಕರೆಯುವ ಮಾತುಗಳಿದ್ದವು. ಅವನ್ನೇ ಹೇಳಿ ಕರೆದರು. ದನಗಳು ಮಾತು ಕೇಳಿ ಬಂದವು. ಮಗ್ವಾಜಾ ಎರಡು ಬೆರಳು ಬಾಯಿಗಿಟ್ಟಾಗ ಮುಂದಿನ ಎತ್ತು ತಲೆಯೆತ್ತಿ ನಡಿಗೆ ಚುರುಕಾಗಿಸಿತು.

ಗುಂಡಿನ ಸದ್ದು ಶುರುವಾದ ಮೇಲೆ, ಪ್ರತಿ ಸದ್ದಿಗೂ ನದಿಯಾಚೆಯಿಂದ ಇನ್ನೊಂದು ಸದ್ದು ಬರುತ್ತಿತ್ತು. ಮೊದಲಿಗೆ ಅಲೆಟ್ಟಾ ಅದನ್ನು ಬೆಟ್ಟದ ಪ್ರತಿಧ್ವನಿ ಎಂದುಕೊಂಡಳು. ಇಲ್ಲಿಯವರು ಬಂದೂಕಿಗೆ ಮತ್ತೆ ಗುಂಡು ತುಂಬಲು ನಿಂತಾಗಲೂ ಆ ಸದ್ದು ನಿಲ್ಲಲಿಲ್ಲ. ಓಥಿನಿಯ ದನಗಳನ್ನೂ ಅದೇ ಬೆಳಗ್ಗೆ ಕೊಲ್ಲುತ್ತಿದ್ದರು.

ಎಲ್ಲ ಮುಗಿದ ಮೇಲೆ ಅವಳು ಚಿಮುಟ, ಸೀಸೆ ಹಿಡಿದು ಗುಂಡಿಯ ಅಂಚಿಗೆ ಹೋದಳು. ಕಿವಿಗಳು ಇನ್ನೂ ಬೆಚ್ಚಗಿದ್ದವು. ಒಂದಾದ ಮೇಲೊಂದು ಕಿವಿ ಮಗುಚಿ, ಒಳಗಿನ ಕೂದಲು ಸರಿಸಿ, ಕಿತ್ತು ಕಿತ್ತು ನೋಡಿದಳು. ಅವಳಿಗೆ ಸೂಕ್ಷ್ಮದರ್ಶಕ ಬೇಕಿರಲಿಲ್ಲ. ಹಗಲಿನ ಬೆಳಕು, ಕೊರಳಿನ ದಾರದಲ್ಲಿ ತೂಗುತ್ತಿದ್ದ ಮಸೂರ ಸಾಕಿತ್ತು. ಬೆಟ್ಟದ ಉಣುಗು. ಬೆಟ್ಟದ ಉಣುಗು. ಬೆನ್ನಿನ ಗುಳಿಗಳ ಆ ಸಾಲನ್ನು ಅವಳು ಒಂದು ಕಾಲದಲ್ಲಿ ಪ್ರೀತಿಯಿಂದ ಬರೆದಿದ್ದಳು.

ಯಾರೋ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತರು. ಮಗ್ವಾಜಾ. ಅವನು ಒಂದು ಎತ್ತಿನ ತಲೆಯನ್ನು ಎರಡೂ ಕೈಯಿಂದ ಎತ್ತಿ, ಅವಳಿಗೆ ಕಾಣುವಂತೆ ಕಿವಿ ತಿರುಗಿಸಿ ಹಿಡಿದ.

"ಬಿಸಿ ನೆಲದ್ದು ಸಿಕ್ತಾ?"

"ಇಲ್ಲ, ಬಾಬಾ."

"ಒಂದೂ ಇಲ್ವಾ?"

"ಒಂದೂ ಇಲ್ಲ."

ಅವನು ತಲೆಯನ್ನು ಮೆಲ್ಲಗೆ ಕೆಳಗಿಟ್ಟ. "ಅಂದ್ರೆ ನೀವು ಹೇಳಿದ್ದು ನಿಜ," ಎಂದ. ಅದರಲ್ಲಿ ಕೊಂಕಿತ್ತೋ ಎಂದು ಅವಳು ಅವನ ಮುಖ ನೋಡಿದಳು. ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವೆನಿಸುತ್ತಿತ್ತು.

"ನಾನು ಅವರಿಗೆ ಮತ್ತೆ ಮತ್ತೆ—" ಎಂದು ಶುರು ಮಾಡಿದಳು.

"ಕಾಲಿಗೆ ಹತ್ತುತ್ತಿವೆ ನೋಡಿ," ಎಂದ ಅವನು.

ದನಗಳ ಮೈ ತಣ್ಣಗಾಗುತ್ತಿತ್ತು. ಉಣುಗುಗಳು ಕಚ್ಚು ಸಡಿಲಿಸಿ ಇಳಿದು, ಬಿಸಿ ಇರುವ ಕಡೆ ಬರುತ್ತಿದ್ದವು. ಅವಳ ಕಾಲುಚೀಲದ ಮೇಲೆ, ಅವನ ಬರಿಗಾಲಿನ ಮೇಲೆ. ಗುಂಡಿಯ ಅಂಚಿನುದ್ದಕ್ಕೂ ನಿಂತಿದ್ದ ಗಂಡಸರು ಬಗ್ಗಿ ಬಗ್ಗಿ ಕಾಲು ಕೊಡವಿಕೊಳ್ಳುತ್ತಿದ್ದರು.

ಅವಳು ಮಗ್ವಾಜಾನ ಹಿಂದೆ ಮನೆಯವರೆಗೆ ನಡೆದಳು. ಯಾಕೆಂದು ಅವಳಿಗೇ ತಿಳಿಯದು. ಕ್ಷಮೆ ಕೇಳಬೇಕೆನಿಸುತ್ತಿತ್ತು. ಕೇಳಿದರೆ ಅವನು ಕ್ಷಮಿಸಿಬಿಟ್ಟಾನು ಎಂಬ ಹೆದರಿಕೆಯೂ ಇತ್ತು.

ಮಾಸಿಬಿಯಾ ಅಂಗಳದಲ್ಲಿ ನಿಂತಿದ್ದಳು. ಕೈಯಲ್ಲಿ ಎಲಚಿಯ ಕೊಂಬೆ.

"ಒಂದು ಎತ್ತು," ಎಂದಳು ಅಲೆಟ್ಟಾಳಿಗೆ. ಈ ಸಲ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಒಂದನ್ನ ಬಿಡಿಸಿ ಕೊಡೋಕೆ ಆಗ್ಲಿಲ್ವಾ ನಿಮಗೆ? ನಾನು ಬಾಳಿಸೋಕೆ ಕೇಳ್ತಿರಲಿಲ್ಲ. ಕೊಯ್ಯೋಕೆ ಕೇಳ್ತಿದ್ದೆ. ನೀವು ಕೊಂದ್ರೂ ಸಾವು, ನಾವು ಕೊಂದ್ರೂ ಸಾವೇ. ಇವರು ಮನೆ ಒಳಗಾದ್ರೂ ಕೂರ್ತಿದ್ರು."

ಅಲೆಟ್ಟಾಳಿಗೆ ಅದು ಹೊಳೆದೇ ಇರಲಿಲ್ಲ. ಮಂತ್ರಿಗೆ ಬರೆದದ್ದರಲ್ಲಿ ಚಳಿಯಿತ್ತು, ಮೊಟ್ಟೆಗಳಿದ್ದವು, ನಕ್ಷೆಯಿತ್ತು. ಒಂದು ಎತ್ತನ್ನು ಅವಳು ಕೇಳಿರಲಿಲ್ಲ. ಕೇಳಿದ್ದರೆ, ಯಾರು ಬಲ್ಲರು, ಸ್ಟ್ರೈಡಮ್ ಅತ್ತ ಮುಖ ತಿರುಗಿಸಿ ಒಣಮಾಂಸ ಕೊಯ್ಯುತ್ತ ನಿಂತಿದ್ದರೂ ನಿಂತಿದ್ದನೇನೋ.

"ನಂಗೆ ತೋಚಲಿಲ್ಲ," ಎಂದಳು.

ಮಾಸಿಬಿಯಾ ತಲೆಯಾಡಿಸಿದಳು, ಅದು ಮೊದಲೇ ಗೊತ್ತಿತ್ತು ಎಂಬಂತೆ. ಆಮೇಲೆ ದೊಡ್ಡಿಯ ಬಾಯಿಗೆ ನಡೆದಳು. ಸೊಸೆಯಾದವಳು ಮಾವನ ದನದ ದೊಡ್ಡಿಯೊಳಗೆ ಕಾಲಿಡುವಂತಿಲ್ಲ. ಅವಳು ಆ ಮನೆಗೆ ಬಂದ ದಿನದಿಂದ ದೊಡ್ಡಿಯ ಗೋಡೆಯನ್ನು ಸುತ್ತುಹಾಕಿಯೇ ನಡೆದವಳು. ಈಗ ಬಾಯಿಗೆ ಅಡ್ಡವಿದ್ದ ಮರದ ಗಳುಗಳನ್ನು ಒಂದೊಂದಾಗಿ ಸರಿಸಿದಳು. ಅವು ನೆಲಕ್ಕೆ ಬಿದ್ದ ಸದ್ದಿಗೆ ಮಗ್ವಾಜಾ ತಲೆಯೆತ್ತಿದ. ಕೋಲನ್ನು ನೆಲಕ್ಕೂರಿ ನಿಂತ. ಬೇಡವೆನ್ನಲಿಲ್ಲ. ಮುಖವನ್ನು ಬೆಟ್ಟದ ಕಡೆ ತಿರುಗಿಸಿದ.

ಒಳಗೆ ಇನ್ನೂ ಹಸಿ ಸಗಣಿ, ಬೆಳಗ್ಗಿನ ಗೊರಸಿನ ಗುರುತು. ಮಾಸಿಬಿಯಾ ಕೊಂಬೆಯನ್ನು ಎದೆಗೆ ಹಿಡಿದು ನಡುವೆ ನಿಂತಳು. ಗಂಡನ ಹೆಸರನ್ನು ಅವಳು ಹೇಳುವಂತಿರಲಿಲ್ಲ. ಹೇಳಲಿಲ್ಲ. ದಾರಿ ಗೊತ್ತಿಲ್ಲದವನಿಗೆ ಮನೆ ತೋರಿಸುವ ದನಿಯಲ್ಲಿ, ಕೊಂಬೆಗಷ್ಟೇ ಕೇಳುವಂತೆ ಮಾತಾಡತೊಡಗಿದಳು.

"ಇದು ದೊಡ್ಡಿ. ನಿಮ್ಮಪ್ಪನದು. ಇಲ್ಲಿ ಕಪ್ಪೆತ್ತು ನಿಲ್ತಿತ್ತು. ಇದು ಕರುಗಳ ಮೂಲೆ. ಇಲ್ಲಿ ಬಿಳೀ ಹಸು, ಗೋಡೆಗೆ ಮೈ ಉಜ್ಜಿ ಉಜ್ಜಿ ಕಲ್ಲು ನುಣ್ಣಗಾಗಿದೆ, ಮುಟ್ಟಿ ನೋಡಿ..."

ಅಲೆಟ್ಟಾ ಹೊರಗೆ ನಿಂತಿದ್ದಳು. ಕೈಯಲ್ಲಿದ್ದ ಸೀಸೆಗೆ ಇನ್ನೂ ಚೀಟಿ ಹಾಕಿರಲಿಲ್ಲ. ಚೀಟಿ ಇಲ್ಲದ ಸೀಸೆ ಇದ್ದೂ ಇಲ್ಲದಂತೆ. ಹೊಸಬರಿಗೆ ಮೊದಲ ದಿನವೇ ಅವಳು ಕಲಿಸುತ್ತಿದ್ದ ಪಾಠ ಅದು. ಅವಳು ಜೇಬಿನಿಂದ ಪೆನ್ಸಿಲ್ ತೆಗೆದಳು. ಸ್ಪಿರಿಟ್ಟಿನಲ್ಲಿ ಶಾಯಿ ಕರಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಚೂರು ಕಾಗದದ ಮೇಲೆ ಎಟ್ಶೇನಿ ಎಂದು ಬರೆದಳು. ಅದರ ಕೆಳಗೆ ಬೆಟ್ಟದ ಉಣುಗು ಎಂದು ಬರೆದಳು.

ಯಾರ ದನ ಎಂದು ಬರೆಯುವ ಜಾಗ ಖಾಲಿಯಿತ್ತು. ಪೆನ್ಸಿಲ್ ಅಲ್ಲೇ ನಿಂತಿತು. ಒಳಗೆ ಮಾಸಿಬಿಯಾ ಇನ್ನೂ ಒಂದೊಂದೇ ಜಾಗ ತೋರಿಸುತ್ತಿದ್ದಳು.